ಕ್ಯಾಮ್ರಿಯೋ, ಲೆಕ್ಸಸ್ಸೋ, ಇಲ್ಲ ಬೆಂಜೋ? ಮೊದಲು ಹಿಂದಿನ ಸೀಟಲ್ಲಿ ಕೂತು ನೋಡಿ

ಭಾವ ಫೋನ್ ಮಾಡಿದ್ದು ರಾತ್ರಿ ಹತ್ತೂವರೆಗೆ. ತುಮಕೂರಿನಲ್ಲಿ ಕಂಟ್ರಾಕ್ಟ್ ಕೆಲಸ, ವಾರಕ್ಕೆ ಮೂರು ಸಲ ಬೆಂಗಳೂರು. "ಲೋ, ಕ್ಯಾಮ್ರಿ ತಗೊಳ್ಳಲಾ, ಲೆಕ್ಸಸ್ ತಗೊಳ್ಳಲಾ? ಇಲ್ಲ ಇನ್ನೊಂದಿಷ್ಟು ಸಾಲ ಮಾಡಿ ಬೆಂಜ್‌ಗೇ ಹೋಗಿಬಿಡಲಾ?" ಅಂದರು. ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ಇಬ್ಬರು ಕೇಳಿದ್ದಾರೆ. ಒಬ್ಬ ವೈಟ್‌ಫೀಲ್ಡಿನ ಗೆಳೆಯ, ತಾನೇ ಓಡಿಸುವವನು. ಇನ್ನೊಬ್ಬಳು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ತಪ್ಪಾಗುತ್ತದೆ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಜಪಾನಿನ ಐಷಾರಾಮಿ ಸೆಡಾನ್ ಅಂದರೆ ನಮ್ಮಲ್ಲಿ ಆಯ್ಕೆ ತುಂಬಾ ಕಡಿಮೆ. ಹೋಂಡಾ ಅಕಾರ್ಡ್ ಹೋಯಿತು, ನಿಸಾನ್ ಟಿಯಾನಾ ಹೋಯಿತು. ಉಳಿದಿರುವುದು ಟೊಯೋಟಾ ಮನೆತನದ ಕಾರುಗಳೇ: ಟೊಯೋಟಾದ ಕ್ಯಾಮ್ರಿ, ಮತ್ತೆ ಅದರದೇ ಐಷಾರಾಮಿ ಬ್ರ್ಯಾಂಡ್ ಆದ ಲೆಕ್ಸಸ್. ಹಾಗಾಗಿ ಹೋಲಿಕೆ ನಾಲ್ಕರ ನಡುವೆ: ಹೊಸ ಕ್ಯಾಮ್ರಿ, ಏಳನೇ ತಲೆಮಾರಿನ ಲೆಕ್ಸಸ್ ಇಎಸ್ 300ಎಚ್, 2025ರಲ್ಲಿ ಅನಾವರಣವಾದ ಎಂಟನೇ ತಲೆಮಾರಿನ ಇಎಸ್, ಮತ್ತೆ ಉದ್ದ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಜರ್ಮನ್ ಕಾರುಗಳು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಬೆಲೆಪಟ್ಟಿ ಆಮೇಲೆ ನೋಡೋಣ. ನೀವು ಕೂರುವುದು ಯಾವ ಸೀಟಲ್ಲಿ? ಸ್ಟೀರಿಂಗ್ ಹಿಂದೆಯೋ, ಡ್ರೈವರ್ ಹಿಂದೆಯೋ? ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಎರಡನೆಯದು, ದಿನದ ದಾರಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಹೋಗುವವರ ಲೆಕ್ಕ ಬೇರೆ, ಹೈವೇಯಲ್ಲಿ ನೂರರಲ್ಲಿ ಹೋಗುವವರ ಲೆಕ್ಕ ಬೇರೆ.

ಮೂರನೆಯದು, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಮೂರು ವರ್ಷಕ್ಕೆ ಮಾರುವವರು ಮತ್ತು ಹತ್ತು ವರ್ಷ ಇಟ್ಟುಕೊಳ್ಳುವವರು ಒಂದೇ ಕಾರು ತೆಗೆದುಕೊಂಡರೆ ಒಬ್ಬರಿಗೆ ನಷ್ಟ ಖಂಡಿತ.

ನಾಲ್ಕನೆಯದು, ಆನ್-ರೋಡ್ ದುಡ್ಡು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್. 48 ಲಕ್ಷದ ಕಾರಿಗೆ ಇದೊಂದೇ ಎಂಟೂವರೆ ಲಕ್ಷ ದಾಟುತ್ತದೆ. ಕ್ಯಾಮ್ರಿ, ಇಎಸ್ 300ಎಚ್ ಎರಡೂ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು. ಹೈಬ್ರಿಡ್ ಅಂತ ನಮ್ಮ ರಾಜ್ಯದಲ್ಲಿ ರಿಯಾಯಿತಿ ಇಲ್ಲ. ಉತ್ತರ ಪ್ರದೇಶದವರು 2024ರಲ್ಲಿ ಕೊಟ್ಟರು, ನಾವು ನೋಡಿ ಹೊಟ್ಟೆ ಉರಿದುಕೊಳ್ಳಬೇಕಷ್ಟೆ.

ಕೊನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಜನ ನೋಡಬೇಕಾ? ಮದುವೆ ಮನೆ ಮುಂದೆ ಇಳಿದಾಗ ಎಲ್ಲರೂ ತಿರುಗಿ ನೋಡಬೇಕು ಅನ್ನುವುದು ತಪ್ಪೇನಲ್ಲ. ಆದರೆ ಆ ಆಸೆ ಇದ್ದರೆ ಮೊದಲೇ ಒಪ್ಪಿಕೊಳ್ಳಿ, ನೂರಾರು ಫೀಚರ್ ಹೋಲಿಸುವ ಶ್ರಮ ಉಳಿಯುತ್ತದೆ.

ಇಎಸ್: ಕಾಣದ ಕಡೆ ಖರ್ಚಾದ ದುಡ್ಡು

ಲೆಕ್ಸಸ್ ಹುಟ್ಟಿದ್ದೇ ಸದ್ದಡಗಿಸುವ ಹಟದಿಂದ. 1989ರಲ್ಲಿ ಎಲ್ಎಸ್ 400 ಬಂದಾಗ ಅಮೆರಿಕದಲ್ಲಿ ಒಂದು ಜಾಹೀರಾತು ಮಾಡಿದರು. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ಚಕ್ರಗಳನ್ನು ಗಂಟೆಗೆ 230 ಕಿಮೀ ವೇಗದವರೆಗೆ ತಿರುಗಿಸಿದರು. ಒಂದು ಗ್ಲಾಸೂ ಬೀಳಲಿಲ್ಲ. ಅದೇ ವರ್ಷ ಅದರ ಜೊತೆಗೇ ಬಂದ ತಮ್ಮ ಈ ಇಎಸ್. ಅದು ಆಗಲೂ ಕ್ಯಾಮ್ರಿಯ ಮೈಕಟ್ಟಿನ ಮೇಲೇ ನಿಂತಿತ್ತು, ಈಗಲೂ ಇಬ್ಬರಿಗೂ ಪ್ಲಾಟ್‌ಫಾರ್ಮ್ ಒಂದೇ.

"ಹಾಗಾದರೆ ಜಾಸ್ತಿ ದುಡ್ಡು ಯಾಕೆ?" ಅಂತ ಭಾವ ಕೇಳಿದ್ದು ಸರಿಯಾಗೇ ಇದೆ.

ಜಾಸ್ತಿ ದುಡ್ಡು ಹೋಗಿರುವುದು ಕಣ್ಣಿಗೆ ಬೀಳದ ಕಡೆ. ನೆಲದ ಕೆಳಗೆ ಸದ್ದು ತಡೆಯುವ ಪದರಗಳು. ಶಾಕ್ ಅಬ್ಸಾರ್ಬರ್‌ನಲ್ಲಿ ಸಣ್ಣ ಅಲುಗಾಟಕ್ಕೆಂದೇ ಇನ್ನೊಂದು ಪುಟ್ಟ ವಾಲ್ವ್. ದೊಡ್ಡ ಗುಂಡಿಗೆ ಶಾಕ್ ಹೇಗೂ ಕೆಲಸ ಮಾಡುತ್ತದೆ. ಆದರೆ ಟಾರಿನ ಮೇಲಿನ ಸಣ್ಣ ಗೀರು, ಫ್ಲೈಓವರ್ ಜಾಯಿಂಟಿನ ಟಕ್-ಟಕ್, ಇವು ಸಾಮಾನ್ಯ ಕಾರಿನಲ್ಲಿ ಸೀದಾ ಸೊಂಟಕ್ಕೆ ಬರುತ್ತವೆ. ಆ ವಾಲ್ವ್ ಇರುವುದು ಇವುಗಳಿಗಾಗಿ. ಪೀಣ್ಯದ ಉದ್ದ ಫ್ಲೈಓವರ್ ಮೇಲೆ ಗೆಳೆಯರೊಬ್ಬರ ಇಎಸ್‌ನಲ್ಲಿ ಹಿಂದೆ ಕೂತು ಹೋದಾಗ ಜಾಯಿಂಟ್ ಎಣಿಸಲು ನೋಡಿದೆ. ಸದ್ದು ಕೇಳಿಸುತ್ತಿತ್ತು, ಮೈಗೆ ತಾಗುತ್ತಿರಲಿಲ್ಲ.

ಹೊರಗಿನ ವಿನ್ಯಾಸದ ಬಗ್ಗೆ ಜಗಳ ಇದ್ದದ್ದೇ. ಆ ದೊಡ್ಡ ಗ್ರಿಲ್ ನೋಡಿ ಕೆಲವರಿಗೆ ಇಷ್ಟ, ಕೆಲವರಿಗೆ ಭಯ. ಅದಕ್ಕೆ ಸ್ಪಿಂಡಲ್ ಗ್ರಿಲ್ ಅಂತ ಹೆಸರು. ಸ್ಪಿಂಡಲ್ ಅಂದರೆ ನೂಲುವ ಕದಿರು. ಟೊಯೋಟಾ ಮನೆತನದ ಬೇರು ಇರುವುದೇ ಮಗ್ಗದ ಕಾರ್ಖಾನೆಯಲ್ಲಿ, ಆಮೇಲೆ ಕಾರು. ಇಎಸ್‌ನಲ್ಲಿ ಆ ಗ್ರಿಲ್‌ಗೆ ಉದ್ದುದ್ದ ಕಡ್ಡಿಗಳು, ನೇಯ್ಗೆಗೆ ಹೂಡಿದ ಹಾಸಿನ ಎಳೆಗಳ ಹಾಗೆ. ಬಾನೆಟ್ ತಗ್ಗು, ಹಿಂದಿನ ಗಾಜು ಇಳಿಜಾರು. ದೂರದಿಂದ ನಾಲ್ಕು ಬಾಗಿಲ ಕೂಪೆಯ ಹಾಗೆ ಕಾಣುತ್ತದೆ.

ಆ ಇಳಿಜಾರಿಗೆ ಬೆಲೆ ತೆರುವವರು ಹಿಂದೆ ಕೂರುವ ಎತ್ತರದವರು. ಆರಡಿ ಹತ್ತಿರ ಇರುವವರು ನೆಟ್ಟಗೆ ಕೂತರೆ ತಲೆ ಚಾವಣಿಗೆ ಹತ್ತಿರ ಬರುತ್ತದೆ. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿದರೆ ಸರಿಹೋಗುತ್ತದೆ. ಮೇಲಿನ ವೇರಿಯಂಟ್‌ನಲ್ಲಿ ಅದಕ್ಕೆ ಬಟನ್ ಇದೆ. ಹಿಂದಿನ ಗಾಜಿಗೆ ಪರದೆ, ಕೈಯಿಡುವ ಕಡೆ ಏಸಿ ಮತ್ತು ಹಾಡಿನ ನಿಯಂತ್ರಣ, 17 ಸ್ಪೀಕರಿನ ಮಾರ್ಕ್ ಲೆವಿನ್ಸನ್. ಇಳಯರಾಜ ಅವರ ಹಳೇ ಕನ್ನಡ ಹಾಡು ಹಾಕಿ ತಬಲಾದ ಬೆರಳು ಎಲ್ಲಿ ಬೀಳುತ್ತಿದೆ ಅಂತ ಕೇಳಿ ನೋಡಿ, ಸೇಲ್ಸ್ ಹುಡುಗನ ವಿವರಣೆಯೇ ಬೇಕಾಗುವುದಿಲ್ಲ.

ಒಳಗಿನ ಹೊಲಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಎರಡು ಸಾಲು ದಾರ ಓಡುತ್ತದೆ. ಮೂಲೆ ತಿರುಗುವಾಗಲೂ ಎರಡರ ನಡುವಿನ ಅಂತರ ಬದಲಾಗುವುದಿಲ್ಲ. ಲೆಕ್ಸಸ್‌ನಲ್ಲಿ ನುರಿತ ಕುಶಲಕರ್ಮಿಗೆ ತಕುಮಿ ಅನ್ನುತ್ತಾರೆ. ಆ ಪಟ್ಟಕ್ಕೆ ಒಂದು ಪರೀಕ್ಷೆ ಇದೆ. ಬಲಗೈಯವರಾದರೆ ಎಡಗೈ ಒಂದರಲ್ಲೇ, 90 ಸೆಕೆಂಡಿನೊಳಗೆ, ಕಾಗದದ ಬೆಕ್ಕು ಮಡಚಬೇಕು. ನಾನೂ ಮನೇಲಿ ಪ್ರಯತ್ನಿಸಿದೆ. ಎರಡೂ ಕೈಯಲ್ಲಿ ಹತ್ತು ನಿಮಿಷಕ್ಕೆ ಇಲಿಯ ಹಾಗಿರುವುದೇನೋ ಬಂತು.

ಜಪಾನಿಗಳು ಒಮೊತೆನಾಶಿ ಅನ್ನುವುದು ಹೆಚ್ಚುಕಡಿಮೆ ನಮ್ಮ ಕಡೆಯ ಬೆಲ್ಲ-ನೀರು. ಬಂದವರು ಕೇಳುವ ಮೊದಲೇ ತಂದಿಡುವುದು. ಕಾರಿನ ಹತ್ತಿರ ಹೋದರೆ ದೀಪ ಹತ್ತಿಕೊಳ್ಳುತ್ತದೆ, ಬಾಗಿಲು ತೆಗೆದರೆ ಸೀಟು ಹಿಂದೆ ಸರಿದು ಜಾಗ ಬಿಡುತ್ತದೆ. ಇವೆಲ್ಲ ಬೇರೆ ಕಾರಲ್ಲೂ ಇವೆ ಬಿಡಿ. ಇಲ್ಲಿ ಅವಸರ ಇಲ್ಲದೆ, ಸದ್ದಿಲ್ಲದೆ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಈಗ ತಕರಾರು. 2.5 ಲೀಟರ್ ಎಂಜಿನ್, ಮೋಟಾರು ಸೇರಿ 218 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ). ಶೂನ್ಯದಿಂದ ನೂರಕ್ಕೆ ಸುಮಾರು 9 ಸೆಕೆಂಡ್. ನಿಧಾನಕ್ಕೆ ಒತ್ತಿದರೆ ಬೆಣ್ಣೆ. ಓವರ್‌ಟೇಕ್ ಮಾಡಲು ಪೂರ್ತಿ ತುಳಿದರೆ ಎಂಜಿನ್ ಕಿರುಚುತ್ತದೆ, ವೇಗ ಆಮೇಲೆ ಬರುತ್ತದೆ. ಶಿರಾಡಿ ಘಾಟಿಯಲ್ಲಿ ತಿರುವು ತಿರುವಿಗೂ ಮಜಾ ಬೇಕು ಅನ್ನುವವರಿಗೆ ಇದು ಕಾರಲ್ಲ. ವೈಟ್‌ಫೀಲ್ಡ್ ಗೆಳೆಯನಿಗೆ ನಾನು ಇದನ್ನು ಹೇಳದೇ ಇದ್ದದ್ದು ಅದಕ್ಕೇ.

ಕ್ಯಾಮ್ರಿ: ತಮ್ಮನೇ ಅಣ್ಣನಿಗಿಂತ ಜೋರು

ಒಂಬತ್ತನೇ ತಲೆಮಾರಿನ ಕ್ಯಾಮ್ರಿ ಇಲ್ಲಿಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ, 48 ಲಕ್ಷ ಎಕ್ಸ್-ಶೋರೂಮ್‌ಗೆ. ತಮಾಷೆ ಏನೆಂದರೆ, ಏಳನೇ ಇಎಸ್‌ಗಿಂತ ಇದಕ್ಕೆ ಶಕ್ತಿ ಜಾಸ್ತಿ, 230 ಪಿಎಸ್. ಹೈಬ್ರಿಡ್ ವ್ಯವಸ್ಥೆಯೂ ಹೊಸದು, ಬ್ಯಾಟರಿ ಲಿಥಿಯಂ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 25.49 ಕಿಮೀ. ಇಎಸ್‌ಗೆ ಹೇಳುವುದು 22ರ ಆಸುಪಾಸು. ಊರೊಳಗೆ ಎರಡೂ ಅಷ್ಟು ಕೊಡುವುದಿಲ್ಲ, ಆದರೆ ಟ್ರಾಫಿಕ್ ಜಾಸ್ತಿಯಾದಷ್ಟೂ ಬೇರೆ ಪೆಟ್ರೋಲ್ ಕಾರಿಗಿಂತ ಇವು ಮುಂದೆ ಹೋಗುತ್ತವೆ.

ಯಾಕೆಂದರೆ ನಿಂತಲ್ಲಿಂದ ಹೊರಡುವಾಗ ಮೋಟಾರು ಎಳೆಯುತ್ತದೆ, ಎಂಜಿನ್ ಮಲಗಿರುತ್ತದೆ. ಬ್ರೇಕ್ ಒತ್ತಿದಾಗ ವ್ಯರ್ಥ ಹೋಗುವ ಶಕ್ತಿ ಬ್ಯಾಟರಿಗೆ ವಾಪಸ್. ಪ್ಲಗ್ ಹಾಕುವ ಗೋಜಿಲ್ಲ. ಗೇರ್‌ಬಾಕ್ಸ್ ಜಾಗದಲ್ಲಿ ಹಲ್ಲುಚಕ್ರಗಳ ಒಂದು ಗುಂಪು ಎಂಜಿನ್ನಿನ ಬಲವನ್ನೂ ಮೋಟಾರಿನ ಬಲವನ್ನೂ ಹಂಚುತ್ತದೆ. ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ, ಸವೆಯುವುದೇ ಕಡಿಮೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ಮಾತು.

ಹಾಗಾದರೆ ಕಳೆದುಕೊಳ್ಳುವುದೇನು? ವೀಲ್‌ಬೇಸ್‌ನಲ್ಲಿ 45 ಮಿಮೀ (ಕ್ಯಾಮ್ರಿ 2825, ಇಎಸ್ 2870). ಅದು ಅಷ್ಟೇನೂ ಗೊತ್ತಾಗದು. ಗೊತ್ತಾಗುವುದು ನೂರು ದಾಟಿದ ಮೇಲೆ ಟೈರಿನ ಸದ್ದು, ಬಾಗಿಲು ಹಾಕಿದಾಗಿನ ದಪ್ಪ, ಕೈಗೆ ಸಿಗುವ ಪ್ಲಾಸ್ಟಿಕ್. ಕ್ಯಾಮ್ರಿಯಲ್ಲಿ ಕೂತು ಇಳಿದರೆ ಒಳ್ಳೆ ಕಾರು ಅನಿಸುತ್ತದೆ. ಇಎಸ್‌ನಲ್ಲಿ ಕೂತು ಆಮೇಲೆ ಕ್ಯಾಮ್ರಿ ಹತ್ತಬೇಡಿ, ಅಷ್ಟೇ. ಶೋರೂಮಿಗೆ ಹೋಗುವ ಕ್ರಮ ಇದೇ ಇರಲಿ: ಮೊದಲು ಕ್ಯಾಮ್ರಿ, ಆಮೇಲೆ ಲೆಕ್ಸಸ್. ಮೊದಲನೆಯದೇ ಸಾಕು ಅನಿಸಿದರೆ ಎರಡನೆಯ ಶೋರೂಮಿಗೆ ಹೋಗಲೇಬೇಡಿ.

ಸರ್ವಿಸ್ ವಿಷಯದಲ್ಲಿ ಕ್ಯಾಮ್ರಿಗೆ ಎದುರಿಲ್ಲ. ಟೊಯೋಟಾ ವರ್ಕ್‌ಶಾಪ್ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತದೆ. ಲೆಕ್ಸಸ್ ಅಂದರೆ ಬೆಂಗಳೂರಿನ ಕಡೆ ಮುಖ ಮಾಡಬೇಕು. ಬೀದರ್, ಕಲಬುರಗಿಯವರು ಇದನ್ನು ಎರಡು ಸಲ ಯೋಚಿಸಿ. ಹಾಗೆ ನೋಡಿದರೆ ಎರಡೂ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕಾರುಗಳು, ತಟ್ಟೆ ಇಡ್ಲಿ ಬೇಯುವ ಊರಿನವು. ಏಳನೇ ತಲೆಮಾರಿನ ಇಎಸ್ ಇಲ್ಲಿಗೆ ಬಂದ 2018ರಲ್ಲಿ ಪೂರ್ತಿ ಆಮದು, 59 ಲಕ್ಷ. 2020ರ ಜನವರಿಯಲ್ಲಿ ಜೋಡಣೆ ಇಲ್ಲೇ ಶುರುವಾದಾಗ 52 ಲಕ್ಷದ ಹತ್ತಿರಕ್ಕೆ ಇಳಿಯಿತು. ಆಮೇಲೆ ಏರುತ್ತಾ ಏರುತ್ತಾ ಮತ್ತೆ 60 ದಾಟಿತು. ಅದಕ್ಕೆ ಬಜೆಟ್ಟಿನವರಿಗೆ ನನ್ನ ಸಲಹೆ ಬೇರೆ ಇದೆ.

ಕೈ ಬದಲಾದ ಇಎಸ್

ಹೊಸ ಕ್ಯಾಮ್ರಿಗೆ ಕೊಡುವ ದುಡ್ಡಿನಲ್ಲಿ, ಇಲ್ಲ ಅದಕ್ಕಿಂತ ಕಡಿಮೆಗೆ, ಮೂರು ನಾಲ್ಕು ವರ್ಷ ಓಡಿದ ಇಎಸ್ ನೋಡಿ. ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿಬಿಟ್ಟಿರುತ್ತಾರೆ. ಕರ್ನಾಟಕದ ನೋಂದಣಿ ಇದ್ದರೆ ಮಾತ್ರ ಈ ಲಾಭ. ಬೇರೆ ರಾಜ್ಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಗ್ಗ ಅಲ್ಲೇ ಮುಗಿಯಿತು.

2021ರ ಅಕ್ಟೋಬರ್ ನಂತರದ ಕಾರನ್ನೇ ಹುಡುಕಿ. ಅದಕ್ಕೂ ಹಿಂದಿನವುಗಳಲ್ಲಿ ಸ್ಕ್ರೀನ್ ಮುಟ್ಟಿದರೆ ಕೆಲಸ ಮಾಡುವುದಿಲ್ಲ. ಗೇರ್ ಪಕ್ಕದ ಪುಟ್ಟ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ ಆರಿಸಬೇಕು. ಹೋಗುತ್ತಿರುವ ಕಾರಿನಲ್ಲಿ ಒಂದು ಎಫ್‌ಎಂ ಸ್ಟೇಷನ್ ಬದಲಾಯಿಸಲು ನಾನು ನಾಲ್ಕು ಸಲ ತಪ್ಪಿದೆ. ಆಮೇಲಿನ ಮಾದರಿಯಲ್ಲಿ ಸ್ಕ್ರೀನನ್ನೇ ಮುಟ್ಟಬಹುದು, ಕೈಗೂ ಹತ್ತಿರ.

ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದಕ್ಕೇ ಡಿಕ್ಕಿಯ ಜಾಗ ಹಾಳಾಗಿಲ್ಲ. ಆದರೆ ಅದು ತಣ್ಣಗಿರಲು ಸೀಟಿನ ಬುಡದಲ್ಲಿರುವ ಜಾಲರಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಹಳೇ ಕಾರು ನೋಡುವಾಗ ಬಗ್ಗಿ ಆ ಜಾಲರಿ ನೋಡಿ. ಧೂಳು, ನಾಯಿ ಕೂದಲು, ಕಡಲೇಕಾಯಿ ಸಿಪ್ಪೆ ತುಂಬಿದ್ದರೆ ಸರ್ವಿಸ್ ದಾಖಲೆ ತೋರಿಸಿ ಅಂತ ಕೇಳಿ. ವಾರಂಟಿಯನ್ನೂ ನೋಡಿಕೊಳ್ಳಿ. 2024ರ ಜೂನ್‌ನಿಂದ ಮಾರಾಟವಾದ ಹೊಸ ಲೆಕ್ಸಸ್‌ಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿಮೀ ಘೋಷಿಸಿದ್ದಾರೆ. ಅದಕ್ಕೂ ಹಿಂದಿನವಕ್ಕೆ ಏನು ಉಳಿದಿದೆ ಅಂತ ಚಾಸಿಸ್ ನಂಬರ್ ಕೊಟ್ಟು ಬರಹದಲ್ಲಿ ಕೇಳಿ.

ಟೈರಿನ ಮಾತು ಹೇಳಲೇಬೇಕು, ಇದು ನಾಲ್ಕೂ ಕಾರಿಗೆ ಸೇರಿಸಿ. ಈ ವರ್ಗದ ಕಾರುಗಳ ಟೈರು ತೆಳು ಗೋಡೆಯವು. ಮಳೆಗಾಲದ ಒಂದು ರಾತ್ರಿ ನೀರು ತುಂಬಿದ ಗುಂಡಿಗೆ ನನ್ನ ಕಾರು ಬಿದ್ದಾಗ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಪಂಕ್ಚರ್ ಅಲ್ಲ, ಟೈರೇ ಹೋಯಿತು. ವರ್ಷಕ್ಕೊಂದು ಟೈರಿನ ದುಡ್ಡು ಬಜೆಟ್ಟಿನಲ್ಲಿ ಇಟ್ಟುಕೊಂಡೇ ಇರಿ.

ಹೊಸ ಇಎಸ್‌ಗೆ ಹೋಗಬೇಕಾ?

2025ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಎಂಟನೇ ತಲೆಮಾರಿನ ಇಎಸ್ ತೋರಿಸಿದರು. ಉದ್ದ 5140 ಮಿಮೀ, ವೀಲ್‌ಬೇಸ್ 2950. ಹೈಬ್ರಿಡ್ಡೂ ಇದೆ, ಪೂರ್ತಿ ಎಲೆಕ್ಟ್ರಿಕ್ಕೂ ಇದೆ. ಒಳಗೆ ಬಟನ್ನುಗಳನ್ನೆಲ್ಲ ಬಚ್ಚಿಟ್ಟು, ಬೇಕಾದಾಗ ಬೆಳಗುವ ಹಾಗೆ ಮಾಡಿದ್ದಾರೆ. ಚೆನ್ನಾಗಿ ಕಾಣುತ್ತದೆ ನಿಜ. ಅರವತ್ತು ದಾಟಿದ ಕೈಗೆ ಅದು ಎಷ್ಟು ಸಲೀಸು ಅಂತ ನನಗೆ ಅನುಮಾನ. ಎಲೆಕ್ಟ್ರಿಕ್ ಕಡೆ ಮನಸ್ಸಿದ್ದರೆ ತೆರಿಗೆ ಲೆಕ್ಕ ಅನುಕೂಲ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 10. ಮನೆಯಲ್ಲಿ ಚಾರ್ಜಿಂಗ್ ಜಾಗ ಇದ್ದು, ಓಡಾಟ ಹೆಚ್ಚಾಗಿ ಊರೊಳಗೇ ಇದ್ದರೆ ಅದಕ್ಕೆ ಹೋಗಬಹುದು. ಇಲ್ಲದಿದ್ದರೆ ಹೈಬ್ರಿಡ್ಡೇ ನೆಮ್ಮದಿ. ಹೊಸ ರೂಪ ಬಂದಾಗಲೆಲ್ಲ ಹಳೆಯದರ ಬೆಲೆ ಸಡಿಲವಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಹಳೆಯ ಇಎಸ್ ಕೊಳ್ಳುವವರಿಗೆ ಅದು ಒಳ್ಳೆ ಸುದ್ದಿ, ಮಾರುವವರಿಗಲ್ಲ.

ಜರ್ಮನ್ ಕಾರುಗಳಿಗೆ ಸಲ್ಲಬೇಕಾದದ್ದು

2024ರಲ್ಲಿ ಉದ್ದ ವೀಲ್‌ಬೇಸಿನ ಬಿಎಂಡಬ್ಲ್ಯು 5 ಸೀರೀಸ್ 72.9 ಲಕ್ಷಕ್ಕೂ, ಮರ್ಸಿಡಿಸ್ ಇ-ಕ್ಲಾಸ್ 78.5 ಲಕ್ಷಕ್ಕೂ ಬಂದವು. ಇ-ಕ್ಲಾಸಿನ ವೀಲ್‌ಬೇಸ್ 3094 ಮಿಮೀ, ಅಂದರೆ ಏಳನೇ ಇಎಸ್‌ಗಿಂತ ಹತ್ತಿರ ಹತ್ತಿರ ಒಂದು ಗೇಣು ಜಾಸ್ತಿ. ಹಿಂದೆ ಕೂತವರ ಕಾಲಿಗೆ ಜಾಗವೂ ಜಾಸ್ತಿ. ಹಿಂದಿನ ಸೀಟು ಇಎಸ್‌ಗಿಂತ ಎಷ್ಟೋ ಜಾಸ್ತಿ ಒರಗುತ್ತದೆ. ಡ್ರೈವರ್ ಇಟ್ಟುಕೊಂಡು ದಿನಕ್ಕೆ ಎರಡು ಮೂರು ಗಂಟೆ ಹಿಂದೆ ಕೂರುವವರಿಗೆ, ದುಡ್ಡು ಅಡ್ಡಿ ಇಲ್ಲದಿದ್ದರೆ, ಇದು ಗೆದ್ದ ಕಾರು. ಗೆಳೆಯನಂಥ ಓಡಿಸುವ ಹುಚ್ಚಿನವರಿಗೆ 5 ಸೀರೀಸ್. ಹಿಂದಿನ ಚಕ್ರ ಎಳೆಯುವ ಕಾರು, ಸ್ಟೀರಿಂಗ್ ಮಾತಾಡುತ್ತದೆ. ಮದುವೆ ಮನೆ ಮುಂದಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಲೆಕ್ಸಸ್ ಲಾಂಛನ ನೋಡಿ "ಯಾವ ಕಂಪನಿದು ಇದು?" ಅಂತ ಕೇಳುವವರು ನಮ್ಮೂರಲ್ಲಿ ಈಗಲೂ ಇದ್ದಾರೆ.

ಕೆಡುಕು ಎಲ್ಲಿ? ವಾರಂಟಿ ಮುಗಿದ ಮೇಲೆ. ಈ ಕಾರುಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಬಿಡಿಭಾಗ ದುಬಾರಿ. ವಿಸ್ತರಿತ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜ್ ಸೇರಿಸದೆ ಬೆಲೆ ಹೋಲಿಸಬೇಡಿ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಾಯಿಸುವವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ. ಇನ್ನು ಪೆಟ್ರೋಲ್ ಉಳಿತಾಯಕ್ಕೆ ಮರುಳಾಗಿ ಹೈಬ್ರಿಡ್ ಕಡೆ ಬರಬೇಡಿ. ವರ್ಷಕ್ಕೆ 15,000 ಕಿಮೀ, ಒಂದು ಕಾರು ಲೀಟರಿಗೆ 18, ಇನ್ನೊಂದು 10 ಅಂತ ಇಟ್ಟುಕೊಳ್ಳಿ. ಲೀಟರಿಗೆ ನೂರು ರೂಪಾಯಿಯಂತೆ ವ್ಯತ್ಯಾಸ 67,000ದ ಹತ್ತಿರ. 70 ಲಕ್ಷದ ಕಾರು ಕೊಳ್ಳುವವರ ತೀರ್ಮಾನ ಬದಲಿಸುವ ಮೊತ್ತ ಅದಲ್ಲ.

ಲೆಕ್ಸಸ್‌ನ ಅಣ್ಣ ಎಲ್ಎಸ್ 500ಎಚ್ ಬಗ್ಗೆಯೂ ಕೇಳುತ್ತಾರೆ. 2018ರಲ್ಲಿ ಬಂದಾಗಲೇ 1.77 ಕೋಟಿ. ಬಾಗಿಲಲ್ಲಿ ಕಿರಿಕೊ ಅನ್ನುವ ಕೊರೆದ ಗಾಜಿನ ಅಲಂಕಾರ, ಕೈಯಲ್ಲಿ ನಿರಿಗೆ ಹಿಡಿದ ಬಟ್ಟೆ. ನೋಡಿ ಕಣ್ತುಂಬಿಕೊಳ್ಳಿ, ಮುಂದೆ ಹೋಗೋಣ.

ಅಮೆರಿಕದ ತಂಗಿಗೆ ಹೇಳಿದ್ದು ಇನ್ನೂ ಸಣ್ಣದು. ಅಲ್ಲಿ ಇಎಸ್ 350 ಅಂತ 302 ಅಶ್ವಶಕ್ತಿಯ, ಆರು ಸಿಲಿಂಡರಿನ ವಿ6 ಎಂಜಿನ್ನಿನದೂ ಮಾರಿದ್ದಾರೆ, ಪಿಕಪ್ ಬೇಕಾದವರಿಗೆ ಅದು. ಅವಳದು ದಿನಾ ಆಫೀಸು, ಮಕ್ಕಳ ಶಾಲೆ. ಹೈಬ್ರಿಡ್ ಸಾಕು. 2025ರ ಮಾದರಿಯಿಂದ ಅಲ್ಲಿ ಕ್ಯಾಮ್ರಿ ಬರೀ ಹೈಬ್ರಿಡ್ಡೇ. ಅವಳು ಅದನ್ನೇ ತಗೊಂಡಳು, ಉಳಿದ ದುಡ್ಡಲ್ಲಿ ಅತ್ತೆ ಮಾವನನ್ನು ಕರೆಸಿಕೊಂಡಳು.

ಟೆಸ್ಟ್ ಡ್ರೈವ್‌ಗೆ ಹೋಗುವ ಮುಂಚೆ

ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ. ಸೆಡಾನ್ ಸೀಟು ತಗ್ಗು. ಮಂಡಿ ನೋವಿನವರು ಇಳಿಯುವಾಗ ಮೊದಲು ಎರಡೂ ಕಾಲು ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು, ಒಂದು ನಿಟ್ಟುಸಿರು ಬಿಟ್ಟು ಏಳಬೇಕು. ನಮ್ಮಮ್ಮ ಇಎಸ್‌ನಿಂದ ಇಳಿದು, "ಒಳಗೆ ಹಾಯಾಗಿತ್ತು ಕಣೋ, ಆದ್ರೆ ಬಾವಿಯಿಂದ ಎದ್ದು ಬಂದ ಹಾಗಾಯ್ತು" ಅಂದರು. ಮನೆಯಲ್ಲಿ ಇಂಥ ಮಂಡಿ ಇದ್ದರೆ ಸೆಡಾನ್ ಬೇಕೇ ಅಂತಲೇ ಯೋಚಿಸಿ. ಶೋರೂಮಿನವರು ತೋರಿಸುವ ನುಣ್ಣನೆ ರಸ್ತೆ ಬಿಟ್ಟು, ನಿಮ್ಮ ಬೀದಿಯ ಹಂಪ್ ಮೇಲೆ ಐದು ಜನ ಕೂರಿಸಿಕೊಂಡು ಹತ್ತಿಸಿ ನೋಡಿ. ಕಾರಿನ ಹೊಟ್ಟೆ ಉಜ್ಜಿದರೆ ಅಲ್ಲೇ ಗೊತ್ತಾಗುತ್ತದೆ. ಮತ್ತೆ ಕಾರು ನಿಲ್ಲಿಸುವ ಜಾಗಕ್ಕೆ ಟೇಪ್ ಹಿಡಿಯಿರಿ.

ಭಾವನ ಲೆಕ್ಕ ಹೀಗಿತ್ತು. ಹಿಂದೆ ಕೂರುತ್ತಾರೆ, ಹೈವೇ ಜಾಸ್ತಿ, ಎಂಟು ವರ್ಷ ಇಟ್ಟುಕೊಳ್ಳುತ್ತಾರೆ, ಬೆಂಗಳೂರಿಗೆ ಹೇಗೂ ಬರುತ್ತಲೇ ಇರುತ್ತಾರೆ, ಜನ ನೋಡಬೇಕೆಂಬ ಆಸೆ ಕಡಿಮೆ. 2022ರ ಒಂದು ಇಎಸ್ ನೋಡಿಯೂ ಆಗಿತ್ತು. "ಭಾವ, ಪೋರ್ಟಿಕೋ ಅಳತೆ ನೋಡಿದ್ರಾ?" ಅಂದೆ. ಫೋನ್ ಇಟ್ಟು, ಟೇಪ್ ಹುಡುಕಿ, ಅಕ್ಕನ ಕೈಗೆ ಒಂದು ತುದಿ ಕೊಟ್ಟು ಅಳೆದರಂತೆ. ಗೋಡೆಯಿಂದ ಗೇಟಿಗೆ 16 ಅಡಿ 4 ಇಂಚು, ಅಂದರೆ 4978 ಮಿಮೀ. ಇಎಸ್ ಉದ್ದ 4975. ಕ್ಯಾಮ್ರಿ 4920, ಬೆಂಜ್ 5092.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಲೋ, ಗೇಟನ್ನ ಅರ್ಧ ಅಡಿ ಮುಂದಕ್ಕೆ ಹಾಕ್ಸೋಕೆ ಎಷ್ಟಾಗುತ್ತೆ?"